ಕಂಬಳಿ ಎಳೆಯೋ ಕ್ಲೋರಿನ್ನು

ನಮ್ಮ ಕಾಲೇಜಿನ ಹೆಸರು ಬ್ಯಾಡ ಬುಡಿ. ಚನ್ನಪಟ್ಟಣದಲ್ಲಿ ಐತೆ, ಅಷ್ಟು ಸಾಕು. ಅಲ್ಲಿಗೆ ಕೆಮಿಸ್ಟ್ರಿ ಲೆಕ್ಚರರ್‌ಗಳು ಬತ್ತಾರೆ, ಟ್ರಾನ್ಸ್‌ಫರ್ ತಗಂಡು ಹೋಯ್ತಾರೆ. ಇಪ್ಪತ್ತೆರಡು ವರ್ಷದಿಂದ ಅಲ್ಲಾಡ್ದೆ ಕುಂತಿರೋನು ನಾನೊಬ್ನೇ, ಲ್ಯಾಬ್ ಅಟೆಂಡರ್ ಮರಿಯಪ್ಪ, ಹೊಂಗನೂರಿನೋನು. ಎಸ್ಸೆಸ್ಸೆಲ್ಸಿ ಫೇಲು. ಆದ್ರೆ ನನ್ನ ಕಣ್ಣು ಕಟ್ಟಿ ಐವತ್ತು ಬಾಟ್ಲಿ ಮುಂದೆ ನಿಲ್ಸಿ, ಮುಚ್ಚಳ ಒಸಿ ಸಡ್ಲ ಮಾಡಿ, ಇದು ನೈಟ್ರಿಕ್ಕು, ಇದು ಅಮೋನಿಯ, ಇದು ಅಸಿಟಿಕ್ಕು ಅಂತ ಮೂಗಲ್ಲೇ ಹೇಳ್ಬುಡ್ತೀನಿ ಅಂತಿದ್ದೆ. ಎಮ್ಮೆಸ್ಸಿ ಮಾಡ್ಕಂಡು ಬಂದ ಮಾರಾಯರು ಲೇಬಲ್ ಉದುರಿದ ಬಾಟ್ಲಿ ಹಿಡ್ಕಂಡು ಪಿಳಿಪಿಳಿ ಕಣ್ಣು ಬುಡ್ತಾ ನಿಂತ್ರೆ, "ಮರಿಯಪ್ಪ, ಒಸಿ ಬಾರಪ್ಪ" ಅಂತ ನನ್ನೇ ಕೂಗ್ಬೇಕಿತ್ತು. ಹೋಗಿ ಒಂದ್ಸತಿ ಮೂಸಿ, ಹೆಸರು ಹೇಳಿ, ಅವರ ಮುಖಾನೂ ನೋಡ್ದೆ ವಾಪಸ್ ಬತ್ತಿದ್ದೆ. ಅಷ್ಟು ದಿಮಾಕು.

ಈ ಅನಂತರಾಜು ಅನ್ನೋ ಲೆಕ್ಚರರು ಬಂದಿದ್ದು ಎರಡು ಸಾವಿರದ ಐದರಲ್ಲಿ. ಪಾಠ ಮಾಡೋದು ಅಂದ್ರೆ ಅವ್ನಿಗೆ ಬರೆಸೋದು. ತಾನು ಓದೋವಾಗ ಬರ್ಕಂಡಿದ್ದ ನೋಟ್‌ಬುಕ್ಕು, ಅದರ ರಟ್ಟು ಕಿತ್ತೋಗಿ ಬಟ್ಟೆ ಅಂಟಿಸ್ಕಂಡಿದ್ದ. ಅದನ್ನ ಬಿಚ್ಕಂಡು ನಿಂತ್ರೆ ಬೆಲ್ ಹೊಡಿಯೋವರ್ಗೂ "ಫುಲ್‌ಸ್ಟಾಪ್, ನೆಕ್ಸ್ಟ್ ಲೈನ್, ಅಂಡರ್‌ಲೈನ್" ಅಂತ ಬರೆಸೋದೇ. ಯಾವ್ದಾದ್ರೂ ಹುಡ್ಗಿ ಎದ್ದು "ಯಾಕೆ ಸಾರ್ ಹಂಗೆ?" ಅಂದ್ಲೋ, "ಯಾಕೆ ಅನ್ನೋದು ಎಕ್ಸಾಮ್‌ಗೆ ಬರಲ್ಲಮ್ಮ, ಬರ್ಕೊ" ಅಂತಿದ್ದ. ರೂಮು ಸಾಲ್ದೆ ಸೆಕೆಂಡ್ ಪಿಯು ಸೈನ್ಸ್ ಕ್ಲಾಸು ಲ್ಯಾಬಲ್ಲೇ ನಡೀತಿತ್ತು. ನಾನು ಹಿಂದೆ ಸಿಂಕಿನ ಹತ್ರ ಟೆಸ್ಟ್‌ಟ್ಯೂಬ್ ತೊಳೀತಾ ಒಳಗೊಳಗೇ ನಗ್ತಿದ್ದೆ. ಲೆಕ್ಚರರಂತೆ! ಇವನ ಬದ್ಲು ಒಂದು ಟೇಪ್‌ರೆಕಾರ್ಡರ್ ಇಟ್ಟಿದ್ರೆ ಸರ್ಕಾರಕ್ಕೆ ಸಂಬ್ಳಾನೂ ಉಳೀತಿತ್ತು.

ಆ ಕ್ಲಾಸಲ್ಲಿ ನನ್ನ ಮಗಳು ಶ್ವೇತಾನೂ ಇದ್ಲು. ಒಬ್ಳೇ ಮಗಳು. ಎಲ್ರಿಗೂ ಗೊತ್ತಿದ್ರೂ, ಕಾಲೇಜಿನೊಳಗೆ ಅವ್ಳು ನಂಗೆ ಮಗಳಲ್ಲ, ನಾನು ಅವ್ಳಿಗೆ ಅಪ್ಪ ಅಲ್ಲ ಅಂತ ಮೊದಲ್ನೇ ದಿನಾನೇ ನಾನೇ ಮಾತು ತಗಂಡಿದ್ದೆ. ಅಟೆಂಡರ್ ಮಗಳು ಅಂತ ಯಾರೂ ಅವ್ಳನ್ನ ಕೀಳಾಗಿ ಕಾಣ್ಬಾರ್ದು ಅಂತ ಎಲ್ರಿಗೂ ಹೇಳ್ತಿದ್ದೆ. ನಿಜ ಅಂದ್ರೆ, ಅವ್ಳು ಏನಾದ್ರೂ ತಪ್ಪು ಮಾಡಿದ್ರೆ ನನ್ನ ಮರ್ಯಾದೆ ಹೋಗ್ಬಾರ್ದು ಅಂತ.

ರಾಮನಗರ ಜಿಲ್ಲೆ ಆಯ್ತಲ್ಲ, ಆ ವರ್ಷದ ನವೆಂಬರು. ಅನಂತರಾಜು ಟೆಸ್ಟ್ ಕೊಟ್ಟಿದ್ದ. ಇಂಡಕ್ಟಿವ್ ಎಫೆಕ್ಟ್ ಅಂದ್ರೇನು ಬರೀರಿ ಅಂತ ಒಂದು ಪ್ರಶ್ನೆ. ನಲವತ್ತೆರಡು ಮಕ್ಕಳಲ್ಲಿ ನಲವತ್ತೊಂದು ಮಕ್ಕಳು ನೋಟ್ಸಿನ ಅದೇ ಮೂರು ಲೈನು, ಅದೇ ಅಂಡರ್‌ಲೈನು ಬರೆದಿದ್ರು. ನನ್ನ ಮಗಳು ಮಾತ್ರ ಕನ್ನಡದಲ್ಲಿ ಒಂದು ಪುಟ ಬರೆದಿದ್ಲು. ಅವ್ನು ಆ ಪೇಪರನ್ನ ಎರಡು ಬೆರಳಲ್ಲಿ ತುದಿ ಹಿಡ್ಕಂಡು ಎತ್ತಿ ತೋರ್ಸಿ, "ನೋಡಿ, ನಮ್ಮ ಕ್ಲಾಸಿಗೆ ಒಬ್ಬರು ಹೊಸ ವಿಜ್ಞಾನಿ ಬಂದಿದ್ದಾರೆ" ಅಂತ ಜೋರಾಗಿ ಓದಕ್ಕೆ ಶುರು ಮಾಡ್ದ.

"ನಮ್ಮ ಮನೆಯಲ್ಲಿ ಚಳಿಗಾಲದಲ್ಲಿ ಮೂರು ಜನಕ್ಕೆ ಒಂದೇ ದೊಡ್ಡ ಕಂಬಳಿ. ಒಂದು ತುದಿಯಲ್ಲಿ ಅಪ್ಪ, ನಡುವೆ ನಾನು, ಇನ್ನೊಂದು ತುದಿಯಲ್ಲಿ ಅಮ್ಮ. ಅಪ್ಪ ನಿದ್ದೆಯಲ್ಲಿ ಕಂಬಳಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾರೆ. ನನಗೆ ಸಾಲದೆ ನಾನು ಅಮ್ಮನ ಕಡೆಯಿಂದ ಎಳೆಯುತ್ತೇನೆ. ಕಂಬಳಿಯನ್ನು ಯಾರೂ ಪೂರ್ತಿ ಕಿತ್ತುಕೊಳ್ಳುವುದಿಲ್ಲ, ಎಲ್ಲರೂ ಅದರೊಳಗೇ ಇರುತ್ತೇವೆ, ಆದರೆ ಅದು ಯಾವಾಗಲೂ ಒಂದೇ ಕಡೆಗೆ ವಾಲಿರುತ್ತದೆ. ಎಲೆಕ್ಟ್ರಾನುಗಳು ಆ ಕಂಬಳಿ. ಕ್ಲೋರಿನ್ ಅಂದರೆ ನಮ್ಮಪ್ಪ ಇದ್ದ ಹಾಗೆ."

ಇಡೀ ಕ್ಲಾಸು ಗೊಳ್ಳಂತ ನಕ್ತು. ಆಮೇಲೆ ಏನು ಓದ್ದ ಅಂತ ನನ್ನ ಕಿವಿಗೇ ಬೀಳ್ಲಿಲ್ಲ. ಅನಂತರಾಜು ಹಿಂದಕ್ಕೆ ತಿರುಗಿ, "ಏನ್ ಮರಿಯಪ್ಪ, ಅಟೆಂಡರ್ ಮಾತ್ರ ಅಂದ್ಕೊಂಡಿದ್ದೆ, ನೀನು ಕ್ಲೋರಿನ್ನೂ ಅಂತೆ?" ಅಂದ. ಶ್ವೇತ ತಲೆ ಬಗ್ಗಿಸ್ಕಂಡು ಕುಂತಿದ್ಲು. ಒಂದ್ಸತಿ ಕತ್ತೆತ್ತಿ ನನ್ನ ಕಡೆ ನೋಡಿದ್ಲು.

ನಾನು ನಕ್ಕೆ ಕಣ್ರಪ್ಪ. ಎಲ್ರಿಗಿಂತ ಜೋರಾಗಿ ನಕ್ಕೆ. ನಲವತ್ತು ಮಕ್ಕಳ ಮುಂದೆ ಅಪ್ಪ ಕಂಬಳಿ ಎಳೀತಾನೆ ಅಂತ ಬರೀತಾಳಲ್ಲ ಇವ್ಳು, ಅನುಭವಿಸ್ಲಿ ಅಂತ. ಅವ್ನು ಪೇಪರಿಗೆ ಅಡ್ಡಕ್ಕೆ ಕೆಂಪು ಗೀಟು ಹೊಡ್ದು ಸೊನ್ನೆ ಹಾಕ್ದ. ಅವತ್ತು ಸಂಜೆ ಬಸ್ಸಲ್ಲಿ ಹೊಂಗನೂರಿಗೆ ಹೋಗೋವಾಗ ಮಗಳು ಹೆಂಗಸರ ಸೀಟಲ್ಲಿ ಮುಂದೆ ಕುಂತಿದ್ಲು, ನಾನು ಹಿಂದೆ ನಿಂತಿದ್ದೆ. ಊರು ಬರೋವರ್ಗೂ ಅವ್ಳು ಹಿಂದಕ್ಕೆ ತಿರುಗ್ಲಿಲ್ಲ.

ಇನ್ನು ನಮ್ಮನೆಯೋಳು, ಸಿದ್ದಮ್ಮ. ಚನ್ನಪಟ್ಟಣದಿಂದ ರಾಮನಗರದ ಕಡೆ ಹೋಗೋ ದಾರೀಲಿ ಮಹೇಂದ್ರ ಅನ್ನೋನ ಬಣ್ಣದ ಶೆಡ್ಡು ಐತೆ. ರೇಷ್ಮೆ ನೂಲಿನ ಲಡಿಗಳಿಗೆ ಅಲ್ಲಿ ಬಣ್ಣ ಹಾಕ್ತಾರೆ. ಬಣ್ಣದ ತೊಟ್ಟಿಯಿಂದ ಎತ್ತಿದ ಲಡೀನ ಕೊನೇಲಿ ಹುಳಿನೀರಿಗೆ ಅದ್ದಬೇಕು. ನೀರಿಗೆ ಅಸಿಟಿಕ್ ಆಸಿಡ್ಡು ಬೆರೆಸಿರ್ತಾರೆ, ಅದೇ, ಉಪ್ಪಿನಕಾಯಿಗೆ ಹಾಕೋ ವಿನಿಗರ್ ಐತಲ್ಲ, ಅದ್ರ ಗಟ್ಟಿ ಮಾಲು. ಆ ನೀರಲ್ಲಿ ಅದ್ದಿದ್ರೆ ಬಣ್ಣ ನಿಲ್ತದೆ, ಒಣಗಿದ ನೂಲನ್ನ ಹಿಂಡಿದ್ರೆ ಕರ್ ಕರ್ ಅಂತ ಸದ್ದು ಬತ್ತದೆ. ಆ ಸದ್ದು ಇಲ್ದಿದ್ರೆ ಕೊಳ್ಳೋನು ರೇಷ್ಮೇನೇ ಅಲ್ಲ ಅಂತಾನೆ.

ಹುಳಿ ಎಷ್ಟಿರ್ಬೇಕು ಅಂತ ಅಳೆಯೋಕೆ ಅಲ್ಲಿ ಮೀಟ್ರು ಗೀಟ್ರು ಇರ್ಲಿಲ್ಲ. ಸಿದ್ದಮ್ಮನ ನಾಲ್ಗೇನೇ ಮೀಟ್ರು. ಕಿರುಬೆರಳ ತುದೀನ ತೊಟ್ಟಿಗೆ ಅದ್ದಿ, ನಾಲ್ಗೆ ಮೇಲೆ ಒಂದು ಚೂರು ಇಟ್ಕಂಡು, ಉಗ್ದು, "ಇನ್ನರ್ಧ ಮಗ್ಗು" ಅಂತಾಳೆ, ಇಲ್ಲಾ "ಸಾಕು" ಅಂತಾಳೆ. ಹದಿನಾಲ್ಕು ವರ್ಷದಲ್ಲಿ ಒಂದು ಲಡೀನೂ ಕೆಟ್ಟಿರ್ಲಿಲ್ಲ. ಕತ್ತಲೆ ಮೂಲೇಲಿ ಲಡಿ ಮುಟ್ಟಿದ್ರೆ ಸಾಕು, ಇದು ಇಪ್ಪತ್ತು ತಿರುವಿನ ನೂಲು, ಇದು ಹತ್ತಿ ಬೆರೆಸಿರೋದು ಅಂತ ಬೆರಳಲ್ಲೇ ಹೇಳ್ತಿದ್ಲು. ನಾನು ಅದನ್ನೂ ಆಡ್ಕಂಡು ನಗ್ತಿದ್ದೆ. "ಆಸಿಡ್ಡನ್ನ ನೆಕ್ಕಿ ನೋಡ್ತಾರಂತೆ, ದನ ಉಪ್ಪು ನೆಕ್ಕಿದಂಗೆ. ಮೂಗು ಅಂತ ದೇವ್ರು ಯಾಕೆ ಕೊಟ್ಟವ್ನೆ?" ಅಂತ. ಅವ್ಳು ಸಾರಿಗೆ ಒಗ್ಗರಣೆ ಹಾಕ್ತಾ, "ಊಟಕ್ಕೆ ಏಳಿ" ಅಂತಿದ್ಲು, ಅಷ್ಟೇ.

ಆಗ ಹಾರೋಹಳ್ಳಿ, ಬಿಡದಿ ಕಡೆ ದಿನಕ್ಕೊಂದು ಕಾಂಪೌಂಡು ಏಳ್ತಿತ್ತು. ಹೋದ ವರ್ಷ ರಾಗಿ ಬೆಳ್ದಿದ್ದ ಹೊಲಕ್ಕೆ ಈ ವರ್ಷ ಗೇಟು, ಗೇಟಿಗೆ ಸೆಕ್ಯೂರಿಟಿ, ಆ ಸೆಕ್ಯೂರಿಟಿ ಬ್ಯಾರೆ ಯಾರೂ ಅಲ್ಲ, ಹೊಲ ಮಾರಿದೋನೇ. ಫ್ಯಾಕ್ಟ್ರಿಯಿಂದ ಆಚೆ ಬಂದ ಖಾಲಿ ನೀಲಿ ಡ್ರಮ್ಮುಗಳು ನಮ್ಮೂರಿನ ಪ್ರತಿ ಮನೆ ಬಚ್ಚಲಿಗೂ ಬಂದ್ವು. ಅದರೊಳಗೆ ಏನಿತ್ತು ಅಂತ ಕೇಳ್ದೋರು ಒಬ್ರೂ ಇಲ್ಲ. ಎರಡು ಸತಿ ಸೋಪು ಹಾಕಿ ತೊಳ್ದು, ನೀರು ತುಂಬಿ, ಅದರಲ್ಲೇ ಮಗೀಗೆ ಎಣ್ಣೆ ಸ್ನಾನ. "ಥೂ, ಬುದ್ಧಿ ಇಲ್ದ ಮುಂಡೇವು" ಅಂತ ನಾನು ಅರಳಿಕಟ್ಟೇಲಿ ಕುಂತು ಎಲ್ರಿಗೂ ಬೈತಿದ್ದೆ. ನಮ್ಮನೆ ಡ್ರಮ್ಮನ್ನ ಮಾತ್ರ ನಾನು ಖುದ್ದಾಗಿ ಮೂಸಿ ತಂದಿದ್ದೆ, ಅದಕ್ಕೇ ಅದು ಒಳ್ಳೇದು.

ಡಿಸೆಂಬರ್ ಒಂದು ಭಾನುವಾರ. ಮದುವೆ ಸೀಸನ್ನಿನ ಆರ್ಡರು ತಲೆ ಮೇಲೆ ಕುಂತಿತ್ತು. ಮಹೇಂದ್ರನ ಶೆಡ್ಡಲ್ಲಿ ಅಸಿಟಿಕ್ಕು ಮುಗ್ದೋಗಿತ್ತು, ಬೆಂಗಳೂರಿಂದ ಬರ್ಬೇಕಾದ ಕ್ಯಾನು ಬಂದಿರ್ಲಿಲ್ಲ. ಆಗ ಗುಜರಿ ಹುಸೇನು ಒಂದು ಕ್ಯಾನು ತಂದಿಳಿಸ್ದ. ಹಾರೋಹಳ್ಳಿ ಕಡೆಯ ಯಾವ್ದೋ ಫ್ಯಾಕ್ಟ್ರಿಯೋರು ಜಾಗ ಖಾಲಿ ಮಾಡೋವಾಗ ಎತ್ತಿ ಹಾಕಿದ್ದಂತೆ, ಅರ್ಧಕ್ಕಿಂತ ಜಾಸ್ತಿ ಮಾಲು ಒಳಗೇ ಐತೆ. ಮಹೇಂದ್ರ ನಂಗೆ ಹೇಳಿ ಕಳಿಸ್ದ. ಕಾಲೇಜಿನ ಆಸಿಡ್ ಮರಿಯಪ್ಪ ಬಂದು ಮೂಸಿ ಹೂಂ ಅಂದ್ರೆ ಮುಗೀತು. ಹೋದ ತಕ್ಷಣ ಕುರ್ಚಿ ಹಾಕಿ, ಬೋಂಡ ತರಿಸಿ, ಕಾಫಿ ಕೊಟ್ಟ. ಆ ಕುರ್ಚಿ ಮೇಲೆ ಕುಂತ್ರೆ ನಂಗೆ ನಾನೇ ಪ್ರೊಫೆಸರು.

ಹುಸೇನು ಮೊದ್ಲೇ ಹೇಳ್ದ. "ಮರಿಯಪ್ಪಣ್ಣ, ಲೇಬಲ್ಲಲ್ಲಿ ಅಸಿಟಿಕ್ ಅಂತ ಐತೆ, ಅದ್ರ ಮುಂದೆ ಇನ್ನೂ ಏನೋ ಐತೆ. ನಂಗೆ ಗೊತ್ತಾಗಕಿಲ್ಲ. ಸರಿಯಾಗಿ ಓದ್ಸಿ ತಗಳಿ. ಡೌಟ್ ಇದ್ರೆ ಬ್ಯಾಡ, ವಾಪಸ್ ತಗಂಡೋಯ್ತೀನಿ."

ಗುಜರಿಯೋನು ನಂಗೆ ಪಾಠ ಹೇಳೋದಾ ಅಂತ ನಂಗೆ ರೇಗೋಯ್ತು. ಮುಚ್ಚಳ ತೆಗ್ದು ಮೂಸ್ದೆ. ವಿನಿಗರ್ ವಾಸ್ನೇನೇ, ಆದ್ರೆ ಮೂಗಿಗೆ ಹೊಡೀತಿಲ್ಲ. ನಮ್ಮ ಲ್ಯಾಬಿನ ಅಸಿಟಿಕ್ಕಿನ ಮುಚ್ಚಳ ತೆಗೆದ್ರೆ ಕಣ್ಣಲ್ಲಿ ನೀರು ಬತ್ತದೆ. ಇದು ಸಪ್ಪೆ. "ಅಸಿಟಿಕ್ಕೇ. ಹಳೇದಾಗಿ ಪವರ್ ಕಮ್ಮಿ ಆಗೈತೆ. ಒಂದು ಮಗ್ಗು ಹಾಕೋ ಕಡೆ ಎರಡು ಹಾಕ್ಕಳಿ" ಅಂತ ತೀರ್ಪು ಕೊಟ್ಟೆ.

ಅಷ್ಟೊತ್ತಿಗೆ ಶ್ವೇತ ಅವರಮ್ಮಂಗೆ ಬುತ್ತಿ ತಗಂಡು ಬಂದ್ಲು. ಬಂದೋಳು ಸುಮ್ನೆ ಇರ್ತಾಳಾ, ಕ್ಯಾನಿನ ಮುಂದೆ ಕುಕ್ಕರುಗಾಲಲ್ಲಿ ಕುಂತು ಲೇಬಲ್ ಓದಿದ್ಲು.

"ಅಪ್ಪ, ಇದು ಅಸಿಟಿಕ್ ಅಲ್ಲ. ಮಾನೋಕ್ಲೋರೋ ಅಸಿಟಿಕ್ ಆಸಿಡ್."

"ಕೊನೇಲಿ ಏನೈತೆ ಓದು. ಅಸಿಟಿಕ್ ಆಸಿಡ್ ತಾನೆ? ಹೆಸರಿನ ಮುಂದೆ ಊರಿನ ಇನಿಶಿಯಲ್ ಹಾಕ್ಕಳಲ್ವಾ ಜನ? ಹೆಚ್. ಮರಿಯಪ್ಪ ಅಂದ್ರೂ ನಾನೇ, ಬರೀ ಮರಿಯಪ್ಪ ಅಂದ್ರೂ ನಾನೇ. ಮುಂದೆ ಏನೋ ಸೇರಿಸಿದ್ರೆ ಮನುಷ್ಯ ಬದಲಾಗ್ತಾನಾ?"

ಮಹೇಂದ್ರ ನಕ್ಕ. ಎಂಥಾ ಮಾತು ಹೇಳ್ದೆ ಅಂತ ನಾನೂ ಬೀಗ್ದೆ.

"ಇಲ್ಲಿ ಬದಲಾಗ್ತದೆ ಅಪ್ಪ." ಅವ್ಳು ಬುಡ್ಲಿಲ್ಲ. "ಆಸಿಡ್ಡು ಅಂದ್ರೆ ಅದರ ತುದೀಲಿರೋ ಹೈಡ್ರೋಜನ್ನು ಬಿಟ್ಟು ಓಡೋದು. ಅದು ಎಷ್ಟು ಸುಲಭವಾಗಿ ಓಡ್ತದೋ ಆಸಿಡ್ಡು ಅಷ್ಟು ಜೋರು. ಬರೀ ಅಸಿಟಿಕ್ಕಲ್ಲಿ ಅದನ್ನ ಎಳೆಯೋರು ಜಾಸ್ತಿ ಇಲ್ಲ, ಅದಕ್ಕೇ ಅದು ಮೆತ್ತಗೆ. ಇದರಲ್ಲಿ ಈ ತುದೀಲಿ ಕ್ಲೋರಿನ್ ಕುಂತೈತೆ. ಅದು ಕಂಬಳಿ ಎಳೀತದೆ, ಪಕ್ಕದ ಕಾರ್ಬನ್ನು ಅದರ ಪಕ್ಕದೋರಿಂದ ಎಳೀತದೆ, ಆಚೆ ತುದೀಲಿರೋ ಹೈಡ್ರೋಜನ್ ಚಳಿ ತಡೀದೆ ಎದ್ದು ಓಡೋಗ್ತದೆ. ಇದು ಹತ್ರ ಹತ್ರ ನೂರು ಪಟ್ಟು ಜೋರಿರ್ತದೆ. ವಾಸನೆಗೂ ಅದಕ್ಕೂ ಸಂಬಂಧ ಇಲ್ಲ."

ಮತ್ತೆ ಕಂಬಳಿ! ಕ್ಲಾಸಲ್ಲಿ ಮಾನ ಕಳ್ದಿದ್ದು ಸಾಲ್ದು ಅಂತ ಇಲ್ಲಿಗೂ ಹೊತ್ಕಂಡು ಬಂದವ್ಳೆ. "ಸೊನ್ನೆ ತಗಂಡೋಳು ನೀನು, ನಂಗೆ ಹೇಳಕ್ಕೆ ಬತ್ತೀಯಾ?" ಅಂದೆ. ಹುಸೇನಿನ ಮುಂದೆ, ಮಹೇಂದ್ರನ ಮುಂದೆ, ಲಡಿ ಹಿಡ್ಕಂಡು ನಿಂತಿದ್ದ ನಾಲ್ಕು ಹೆಂಗಸರ ಮುಂದೆ. ಆಮೇಲೆ ದೊಡ್ಡ ಮನುಷ್ಯನ ತರ, "ನನ್ನ ಮಾತು ಬ್ಯಾಡಪ್ಪ, ಇವಳ ಮೇಷ್ಟ್ರನ್ನೇ ಕೇಳಿ" ಅಂತ ಅನಂತರಾಜು ನಂಬರ್ ಕೊಟ್ಟೆ.

ಮಹೇಂದ್ರ ಮೊಬೈಲಿನ ಸ್ಪೀಕರ್ ಹಾಕ್ದ. ಅನಂತರಾಜು ಅತ್ಲಾಗಿ ಊಟಕ್ಕೆ ಕುಂತಿದ್ದ ಅಂತ ಕಾಣ್ತದೆ, ತಟ್ಟೆ ಸದ್ದು ಕೇಳ್ತಿತ್ತು. "ಕ್ಲೋರೋ ಅಸಿಟಿಕ್ಕಾ? ಅದೂ ಕಾರ್ಬಾಕ್ಸಿಲಿಕ್ ಆಸಿಡ್ಡೇ ಕಣ್ರೀ. ಕಾರ್ಬಾಕ್ಸಿಲಿಕ್ ಆಸಿಡ್ಸ್ ಆರ್ ವೀಕ್ ಆಸಿಡ್ಸ್. ನೋಟ್ಸಲ್ಲಿ ಬರೆಸಿದ್ದೀನಿ" ಅಂದು ಇಟ್ಟುಬುಟ್ಟ. ಒಂದು ತಿಂಗಳ ಹಿಂದೆ ಇದೇ ಕ್ಲೋರಿನ್ನಿನ ಮೇಲೆ ಟೆಸ್ಟ್ ಕೊಟ್ಟು ನನ್ನ ಮಗಳಿಗೆ ಸೊನ್ನೆ ಹಾಕಿದ ಪುಣ್ಯಾತ್ಮ ಅವ್ನು. ನೋಟ್ಸಿನ ಹನ್ನೊಂದ್ನೇ ಪುಟದ ಇಂಡಕ್ಟಿವ್ ಎಫೆಕ್ಟು ನಲವತ್ತನೇ ಪುಟದ ಆಸಿಡ್ಡಿಗೆ ಸೇರ್ತದೆ ಅಂತ ಅವ್ನಿಗೆ ಯಾರೂ ಬರೆಸಿರ್ಲಿಲ್ಲ. ನಂಗೆ ಮಾತ್ರ ಅವತ್ತು ಅವ್ನು ದೇವ್ರಂಗೆ ಕಂಡ. ಎರಡು ವರ್ಷದಿಂದ ಯಾರನ್ನ ಟೇಪ್‌ರೆಕಾರ್ಡರ್ ಅಂತ ಆಡ್ಕಂತಿದ್ನೋ, ಮಗಳನ್ನ ಸೋಲಿಸೋಕೆ ಅವ್ನನ್ನೇ ಕರ್ಕಂಡು ಬಂದೆ.

ಸಿದ್ದಮ್ಮ ಒಂದು ಮಗ್ಗು ತಂದು, ಅರ್ಧಕ್ಕೆ ಬಗ್ಗಿಸ್ಕಂಡು, ತೊಟ್ಟಿಗೆ ಹಾಕಿ ಕಲಕಿದ್ಲು. ಕಿರುಬೆರಳು ಅದ್ದಿ ನಾಲ್ಗೆಗೆ ಮುಟ್ಟಿಸಿದ ತಕ್ಷಣ ಥೂ ಅಂತ ಉಗ್ದು, ಬಾಯಿ ಮುಕ್ಕಳಿಸಿದ್ಲು.

"ಇದು ನಮ್ಮುದಲ್ಲ ಕಣ್ರೀ. ಅರ್ಧ ಮಗ್ಗಿಗೇ ನಾಲ್ಗೆ ಕಿತ್ಕಂಡು ಹೋಯ್ತದೆ. ಬ್ಯಾಡ. ಕ್ಯಾನು ಬರೋವರ್ಗೂ ಕಾಯಾನ."

"ನಿನ್ನ ನಾಲ್ಗೆ ಮೇಲೆ ಸುಣ್ಣ ಜಾಸ್ತಿ ಆಗಿರ್ಬೇಕು, ಎಲೆಅಡಿಕೆ ಒಸಿ ಕಮ್ಮಿ ಮಾಡು. ಸುಮ್ಕಿರಮ್ಮಿ. ಮಗ್ಗು ಹಿಡಿ, ನಾನೇ ಹಾಕ್ತೀನಿ."

ಅವ್ಳು ಮಗ್ಗು ಹಿಡಿದ್ಲು. ನಾನು ಹೇಳ್ದೆ ಅಂತ ಹಿಡಿದ್ಲು, ಬ್ಯಾರೆ ಕಾರಣ ಇಲ್ಲ. ನಾನು ಕ್ಯಾನೆತ್ತಿ, ಎಲ್ರೂ ನೋಡ್ತಾವ್ರೆ ಅಂತ ಒಂದೇ ಕೈಯಲ್ಲಿ ಬಗ್ಗಿಸ್ದೆ. ಗೊಳಕ್ ಅಂತ ಒಂದು ಸತಿಗೆ ಬಂತು. ಮಗ್ಗಿನ ಆಚೆ ಚೆಲ್ಲಿ ಅವ್ಳ ಬಲಗೈ ಮೇಲೆ, ಮೊಣಕೈವರ್ಗೂ ಸುರೀತು. ಶ್ವೇತ ಅವರಮ್ಮನ್ನ ನಲ್ಲಿ ಕಡೆಗೆ ಎಳೆದ್ಲು. ನಲ್ಲೀಲಿ ನೀರು ಬೆರಳು ಗಾತ್ರ ಬತ್ತಿತ್ತು. ಅರ್ಧ ನಿಮಿಷ ತೊಳ್ಕಂಡಿದ್ಲು, ಅಷ್ಟರಲ್ಲಿ ನಾನು ಕೇಳ್ದೆ, "ಉರೀತಾ?"

"ಒಸಿ ಚುರುಚುರು ಅಂತದೆ. ಅಷ್ಟೇ."

"ನೋಡ್ದಾ?" ಅಂತ ಮಗಳ ಕಡೆ ತಿರುಗ್ದೆ. "ನೂರು ಪಟ್ಟಂತೆ ನೂರು ಪಟ್ಟು! ನಿಜವಾದ ಆಸಿಡ್ಡು ಬಿದ್ದಿದ್ರೆ ಇಷ್ಟೊತ್ತಿಗೆ ಬೊಬ್ಬೆ ಎದ್ದಿರೋದು. ನಡಿ ಮನೆಗೆ, ಓದ್ಕೋ ಹೋಗು." ಅವ್ಳು ಅವರಮ್ಮನ ಕೈ ಬುಡ್ಲಿಲ್ಲ. ನಾನೇ ಬುಡಿಸಿ ಕಳಿಸ್ದೆ. ಸಿದ್ದಮ್ಮನ್ನ ವಾಪಸ್ ತೊಟ್ಟಿ ಹತ್ರಕ್ಕೆ ಕಳಿಸ್ದೆ. ಹುಸೇನು ತನ್ನ ಗಾಡಿ ಹತ್ತಿ ಅಂಗಡಿ ಕಡೆ ಹೋದ.

ಆ ಮಾಲಿನ ಸಂಚು ಏನು ಅಂದ್ರೆ, ಅದು ಮೊದ್ಲು ಉರಿಯಾಕಿಲ್ಲ. ಚರ್ಮದೊಳಗೆ ಇಳ್ದು, ರಕ್ತಕ್ಕೆ ಸೇರಿ, ಆಮೇಲೆ ಶುರುವಾಯ್ತದೆ. ಇದು ನಂಗೆ ಆಮೇಲೆ ಗೊತ್ತಾಗಿದ್ದು.

ಮೂರು ಗಂಟೆಗೆ ಅವ್ಳ ಕೈ ಬೆಂದ ಮೊಟ್ಟೆ ತರ ಬೆಳ್ಳಗೆ ಆಗಿತ್ತು. ಮೂರೂವರೆಗೆ ವಾಂತಿ. ತಲೆ ನಿಲ್ತಿಲ್ಲ ಅಂತ ಲಡಿ ಒಣಹಾಕೋ ಗಳುವಿಗೆ ಒರಗಿದೋಳು ಹಂಗೇ ಕುಸಿದ್ಲು. ಮಹೇಂದ್ರನ ಓಮ್ನೀಲಿ ಹಾಕ್ಕಂಡು ಆಸ್ಪತ್ರೆಗೆ ಓಡಿದ್ವಿ. ಅಲ್ಲಿ ಒಬ್ರು ಡಾಕ್ಟ್ರಮ್ಮ, ಚಿಕ್ಕ ವಯಸ್ಸು. ಕೈ ನೋಡಿ ಕೇಳಿದ್ರು, "ಏನು ಬಿತ್ತು? ಯಾವ ಆಸಿಡ್?"

ಇಲ್ಲಿ ನಿಂತ್ಕಂಡು ಹೇಳ್ತೀನಿ, ಕೇಳಿ. ಕ್ಲೋರೋ ಅನ್ನೋ ಮಾತು ನನ್ನ ಬಾಯಿಗೆ ಬಂತು. ಹಲ್ಲಿನ ಹಿಂದಕ್ಕೆ ಬಂತು. ಲೇಬಲ್ಲಲ್ಲಿ ಇದ್ದಿದ್ದು ನಂಗೆ ಮರೆತಿರ್ಲಿಲ್ಲ. ಆದ್ರೆ ಮಹೇಂದ್ರ ಪಕ್ಕದಲ್ಲೇ ನಿಂತಿದ್ದ. ಅದನ್ನ ಹೇಳಿದ್ರೆ ಮಗಳು ಗೆದ್ದಂಗೆ. ಅಷ್ಟು ವರ್ಷದ ಮೂಗು ಸೋತಂಗೆ.

"ವಿನಿಗರ್ ಮೇಡಂ" ಅಂದೆ.

"ಉಪ್ಪಿನಕಾಯಿಗೆ ಹಾಕೋದಾ? ಅದಕ್ಕೆ ಹೀಗೆ ಆಗಲ್ವಲ್ಲ. ಸರಿಯಾಗಿ ಗೊತ್ತಾ ನಿಮಗೆ?"

"ಅಸಿಟಿಕ್ ಆಸಿಡ್ ಮೇಡಂ, ಅದೇ ವಿನಿಗರ್. ನಾನು ಕೆಮಿಸ್ಟ್ರಿ ಡಿಪಾರ್ಟ್‌ಮೆಂಟು."

ಡಿಪಾರ್ಟ್‌ಮೆಂಟಂತೆ! ಥೂ. ಅಂಥಾ ಹೊತ್ತಲ್ಲೂ ಅದನ್ನ ಹೇಳ್ಕಂಡೆ. ಮಂಚದ ಮೇಲೆ ಸಿದ್ದಮ್ಮ ಕಣ್ಣು ಬಿಟ್ಕಂಡೇ ಇದ್ಲು, ನನ್ನೇ ನೋಡ್ತಿದ್ಲು. ಡಾಕ್ಟ್ರಮ್ಮ ಅನುಮಾನದಲ್ಲೇ ಕೈಗೆ ಔಷಧಿ ಹಚ್ಚಿಸಿ, ವಾಂತಿಗೆ ಇಂಜೆಕ್ಷನ್ ಬರ್ದು, "ಸ್ವಲ್ಪ ಹೊತ್ತು ನೋಡೋಣ, ಕಮ್ಮಿ ಆದ್ರೆ ಮನೆಗೆ ಕರ್ಕೊಂಡು ಹೋಗಿ" ಅಂತ ಮುಂದಿನ ಮಂಚಕ್ಕೆ ಹೋದ್ರು. ನಂಗೆ ಸಮಾಧಾನ ಆಯ್ತು. ಹೆಂಡ್ರಿಗೆ ವಾಸಿ ಆಯ್ತದೆ ಅಂತ ಸಮಾಧಾನ ಅಲ್ಲ. ವಿನಿಗರ್ ಅಂದಿದ್ದನ್ನ ಒಪ್ಕಂಡ್ರಲ್ಲ ಅಂತ.

ಕಾಲು ಗಂಟೆಗೆ ಶ್ವೇತ ಓಡ್ಕಂಡು ಬಂದ್ಲು. ಅವ್ಳು ಮನೆಗೆ ಹೋಗೇ ಇರ್ಲಿಲ್ಲ. ಶೆಡ್ಡಿನ ಕ್ಯಾನಲ್ಲಿ ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ಹರ್ದೋಗಿತ್ತಂತೆ, ಅದಕ್ಕೇ ಹುಸೇನಿನ ಅಂಗಡಿ ಹತ್ರ ಕುಂತು, ಆ ಫ್ಯಾಕ್ಟ್ರಿ ಮಾಲಿನ ಬ್ಯಾರೆ ಕ್ಯಾನುಗಳ ಮ್ಯಾಲೆ ಹರೀದೆ ಉಳ್ದಿದ್ದ ಲೇಬಲ್ ಹುಡುಕಿ, ಬ್ಲೇಡಲ್ಲಿ ಬುಡಸಮೇತ ಕೆತ್ಕಂಡು, ಅಮ್ಮನ್ನ ಆಸ್ಪತ್ರೆಗೆ ತಂದ ಸುದ್ದಿ ಗೊತ್ತಾದ ತಕ್ಷಣ ಅವ್ನ ಗಾಡೀಲೇ ಕುಂತು ಬಂದಿದ್ಲು. ನನ್ನ ಕಡೆ ತಿರುಗೂ ನೋಡ್ದೆ ಸೀದಾ ಡಾಕ್ಟ್ರಮ್ಮನ ಕೈಗೆ ಕೊಟ್ಲು.

"ಮೇಡಂ, ಅಸಿಟಿಕ್ ಅಲ್ಲ. ಮಾನೋಕ್ಲೋರೋ ಅಸಿಟಿಕ್. ಎಂಬತ್ತು ಪರ್ಸೆಂಟ್. ಹನ್ನೆರಡೂವರೆಗೆ ಬಿದ್ದಿದ್ದು. ಬೆರಳಿಂದ ಮೊಣಕೈವರೆಗೆ."

ಡಾಕ್ಟ್ರಮ್ಮ ಲೇಬಲ್ಲಿನ ಸಣ್ಣ ಅಕ್ಷರ ಓದಿದ್ರು. ಓದ್ತಾ ಓದ್ತಾ ಅವರ ಮುಖ ಬದಲಾಯ್ತು. ಕೈ ಮೇಲಿನ ಔಷಧಿ ತೆಗೆಸಿ ನಲ್ಲಿ ಕೆಳಗೆ ಇಡಿಸಿದ್ರು, ಬೆಂಗಳೂರಿಗೆ ಫೋನ್ ಮಾಡಿದ್ರು, ಆಂಬುಲೆನ್ಸ್ ಕರೆಸಿದ್ರು. ನನ್ನ ಪಕ್ಕದಲ್ಲಿ ಹಾದು ಹೋಗೋವಾಗ ಒಂದೇ ಮಾತು ಕೇಳಿದ್ರು. "ವಿನಿಗರ್ ಅಂದ್ರಲ್ಲ ನೀವು?" ನಾನು ಸಿದ್ದಮ್ಮನ ಚಪ್ಪಲಿ ಎತ್ಕಂಡು ಆಂಬುಲೆನ್ಸಿನ ಕಡೆ ನಡ್ದೆ.

ಬೆಂಗಳೂರಲ್ಲಿ ಇಪ್ಪತ್ತಾರು ದಿನ. ಮೊದಲ್ನೇ ಮೂರು ದಿನ ಉಳೀತಾಳೆ ಅಂತ ಯಾರೂ ಹೇಳ್ಲಿಲ್ಲ. ಇನ್ನೊಂದು ಗಂಟೆ ತಡ ಆಗಿದ್ರೆ ಇಲ್ಲಿಗೆ ತರೋದೇ ಬೇಕಿರ್ಲಿಲ್ಲ ಅಂತ ದೊಡ್ಡ ಡಾಕ್ಟ್ರು ಅಂದ್ರು. ತೊಡೆಯಿಂದ ಚರ್ಮ ತೆಗ್ದು ಕೈಗೆ ಹಾಕಿದ್ರು. ಜೀವ ಉಳೀತು.

ಮಾತಾಡೋ ಹಂಗಾದ ದಿನ ಅವ್ಳು ನನ್ನ ಕೇಳಿದ್ಲು. "ಡಾಕ್ಟ್ರಮ್ಮ ಏನು ಬಿತ್ತು ಅಂತ ಕೇಳ್ದಾಗ ನೀವು ಏನಂದ್ರಿ?"

ನಾನು ಕಿಟಕಿ ಕಡೆ ತಿರುಗ್ಕಂಡೇ ಹೇಳ್ದೆ. "ವಿನಿಗರ್ ಅಂದೆ."

"ನಂಗೆ ಕೇಳಿಸ್ತು. ನೀವೇ ಬಾಯ್ಬಿಟ್ಟು ಹೇಳ್ತೀರಾ ಅಂತ ಕೇಳ್ದೆ" ಅಂದ್ಲು. ಆಮೇಲೆ ಆ ಮಾತು ಇವತ್ತಿನವರ್ಗೂ ಎತ್ತಿಲ್ಲ. ಎತ್ತಿ ಬೈದಿದ್ರೆ ಬದುಕ್ಕಂತಿದ್ದೆ.

ಶೆಡ್ಡಿಗೆ ಅವ್ಳು ಮತ್ತೆ ಹೋಗ್ಲಿಲ್ಲ. ಒಂದಿನ ಮಹೇಂದ್ರ ಮನೆಗೆ ಬಂದು, ಹೊಸ ಲಡಿ ಎರಡು ತಂದು, "ಯಾವ್ದರಲ್ಲಿ ಹತ್ತಿ ಬೆರೆಸವ್ರೆ ಒಸಿ ನೋಡಕ್ಕ" ಅಂದ. ಅಭ್ಯಾಸದ ಬಲ, ಅವ್ಳು ಬಲಗೈ ಚಾಚಿದ್ಲು. ಬೆರಳ ಮ್ಯಾಲೆ ನೂಲನ್ನ ಹಾಯಿಸಿದ್ಲು, ಇನ್ನೊಂದ್ಸತಿ ಹಾಯಿಸಿದ್ಲು. ಬೆರಳಿಗೆ ಏನೂ ತಿಳೀಲಿಲ್ಲ. ಕೊನೆಗೆ ಲಡೀನ ಎತ್ತಿ ಕೆನ್ನೆಗೆ ಒತ್ಕಂಡು, "ಇದು" ಅಂದ್ಲು. ನಾನು ಹಿತ್ಲಿಗೆ ಎದ್ದು ಹೋದೆ. ನಮ್ಮನೆ ನೀಲಿ ಡ್ರಮ್ಮನ್ನ ಅವತ್ತೇ ಒಡ್ದು ಹಾಕ್ದೆ.

ಶ್ವೇತ ಪರೀಕ್ಷೇಲಿ ಪಾಸಾಗಿ ಬಿಎಸ್ಸಿಗೆ ಸೇರಿದ್ಲು. ನನ್ನ ಜೊತೆ ಮಾತಾಡ್ತಾಳೆ, ಬಸ್ ಟೈಮು, ಔಷಧಿ ಚೀಟಿ, ಅಷ್ಟು.

ಮುಂದಿನ ವರ್ಷ ಮತ್ತೆ ಅದೇ ಲ್ಯಾಬು, ಅದೇ ನೋಟ್‌ಬುಕ್ಕು. ಅನಂತರಾಜು ಹೊಸ ಮಕ್ಕಳಿಗೆ "ಇಂಡಕ್ಟಿವ್ ಎಫೆಕ್ಟ್, ಅಂಡರ್‌ಲೈನ್" ಅಂತ ಶುರು ಮಾಡ್ದ. ಮೂರು ಲೈನು ಬರೆಸಿ ಫುಲ್‌ಸ್ಟಾಪ್ ಇಡ್ಸಿದ. ಮುಂದಿನ ಬೆಂಚಿನ ಹುಡ್ಗಿ ಒಬ್ಳು ಎದ್ದು, "ಸಾರ್, ಕ್ಲೋರಿನ್ ಎಲ್ಲೋ ಆ ತುದೀಲಿ ಐತೆ. ಅದು ಎಳೆದ್ರೆ ಈ ತುದೀಲಿರೋ ಹೈಡ್ರೋಜನ್‌ಗೆ ಯಾಕೆ ಸಾರ್ ಗೊತ್ತಾಗ್ಬೇಕು?" ಅಂದ್ಲು.

"ಎಕ್ಸಾಮ್‌ಗೆ ಬರಲ್ಲಮ್ಮ, ಬರ್ಕೊ."

ನನ್ನ ಕೈಯಲ್ಲಿ ಟೆಸ್ಟ್‌ಟ್ಯೂಬ್ ಇತ್ತು. ಅದನ್ನ ಸಿಂಕಲ್ಲಿ ಇಟ್ಟು, ಕೈ ಒರೆಸ್ಕಂಡು, ಬೆಂಚುಗಳ ನಡುವೆ ಮುಂದಕ್ಕೆ ಬಂದೆ. ಅನಂತರಾಜು "ಏನ್ ಮರಿಯಪ್ಪ?" ಅಂದ. ನಾನು ಸೀದಾ ಆ ಹುಡ್ಗಿ ಬೆಂಚಿನ ಹತ್ರ ಹೋಗಿ ನಿಂತೆ.

"ಚಳಿಗಾಲದಲ್ಲಿ ಮೂರು ಜನ ಒಂದೇ ಕಂಬಳಿ ಹೊದ್ಕಂಡು ಮಲಗವ್ರೆ ಅನ್ಕೊಳವ್ವ" ಅಂದೆ ಆ ಹುಡ್ಗೀಗೆ. "ಈ ತುದೀಲಿರೋನು ಎಳ್ಕಂತಾನೆ. ನಡುವೆ ಇರೋರು ತಮಗೆ ಸಾಲ್ದು ಅಂತ ಪಕ್ಕದೋರಿಂದ ಎಳೀತಾರೆ. ಆಚೆ ತುದೀಲಿರೋರಿಗೆ ಚಳಿ ಹತ್ಕಂತದೆ. ಈ ತುದಿ ಕ್ಲೋರಿನ್ನು. ಕ್ಲೋರಿನ್ ಅಂದ್ರೆ ನಾನು."

ಕ್ಲಾಸು ಗೊಳ್ಳಂತ ನಕ್ತು. ಅನಂತರಾಜೂ ನಕ್ಕ.

"ನಗ್ರಪ್ಪ, ನಗಿ" ಅಂದೆ. "ನಾನೂ ನಕ್ಕಿದ್ದೆ, ಆ ಸಿಂಕಿನ ಹತ್ರ ನಿಂತ್ಕಂಡು. ಆಚೆ ತುದೀಲಿ ಮಲಗಿದ್ದೋಳು ನನ್ನ ಹೆಂಡ್ರು. ಅವ್ಳ ಬಲಗೈಗೆ ಈಗ ರೇಷ್ಮೆ ಯಾವ್ದು ಹತ್ತಿ ಯಾವ್ದು ಗೊತ್ತಾಗಕಿಲ್ಲ."

ನಗು ನಿಂತೋಯ್ತು. ಅನಂತರಾಜು ನೋಟ್‌ಬುಕ್ಕಿನ ಹಾಳೆ ತಿರುವಕ್ಕೆ ಶುರು ಮಾಡ್ದ. ಆ ಹುಡ್ಗಿ ಇನ್ನೂ ನಿಂತೇ ಇದ್ಲು.

"ನಡುವೆ ಮಲಗಿದ್ದೋರು ಯಾರು ಮರಿಯಪ್ಪಣ್ಣ?" ಅಂತ ಮೆಲ್ಲಗೆ ಕೇಳಿದ್ಲು.

"ಶ್ವೇತ ಅಂತ. ಹೋದ ವರ್ಷ ಇದೇ ಕ್ಲಾಸಲ್ಲಿ ನೀನು ನಿಂತಿರೋ ಬೆಂಚಲ್ಲೇ ಕುಂತ್ಕಂತಿದ್ಲು" ಅಂದೆ. "ನನ್ನ ಮಗಳು."